ಕೋವಿಗೆ ಬೇಡದ ಲೈಸೆನ್ಸ್ ಬಾಯಿಗೆ

ನಮ್ಮ ಮನೆಯ ಗೋಡೆಯಲ್ಲಿ ಎರಡು ಕೋವಿಗಳಿವೆ. ಒಂದಕ್ಕೂ ಲೈಸೆನ್ಸ್ ಇಲ್ಲ. ಇದನ್ನು ಪತ್ರಿಕೆಯಲ್ಲಿ ಬರೆಯಲು ನನಗೆ ಭಯವೂ ಇಲ್ಲ. ಕೊಡಗಿನಲ್ಲಿ ವಂಶಪಾರಂಪರ್ಯದ ಜಮ್ಮಾ ಭೂಮಿ ಇರುವ ನಮ್ಮಂಥವರಿಗೆ ಕೋವಿಯ ಲೈಸೆನ್ಸ್ ಬೇಕಿಲ್ಲ ಎಂದು ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ.

ಆದರೆ ಬಾಯಿಗೆ ಲೈಸೆನ್ಸ್ ಬೇಕು! ಇದು ನನಗೆ ಗೊತ್ತಾಗಿದ್ದು ಹೋದ ತಿಂಗಳು, ಮಡಿಕೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ.

ನಮ್ಮ ಗಾಳಿಬೀಡಿನ ರಸ್ತೆ ಬದಿಯಲ್ಲಿ ರಾಘವನ ಚಾ ಅಂಗಡಿ ಇದೆ. ತಲಶ್ಶೇರಿ ಕಡೆಯಿಂದ ಬಂದು ಇಲ್ಲೇ ಬೇರು ಬಿಟ್ಟವನು. ಚೀನಾ ಯುದ್ಧದ ಸುದ್ದಿಯನ್ನು ಊರೆಲ್ಲ ಕೇಳಿದ್ದು ಅವನ ರೇಡಿಯೋದಲ್ಲಿ. ನನ್ನ ಅಣ್ಣನ ಮಗ ಆಗ ಗಡಿಯಲ್ಲಿದ್ದ. ವಾರ್ತೆ ಮುಗಿಯುವವರೆಗೆ ನಮ್ಮ ಅತ್ತಿಗೆ ಅಲ್ಲಿಂದ ಏಳುತ್ತಿರಲಿಲ್ಲ. ರಾಘವನೂ ಅವರಿಗೆ ಬಿಸಿ ಚಾ ಕೊಟ್ಟು, ಅಂಗಡಿ ಮುಚ್ಚದೆ ಕಾಯುತ್ತಿದ್ದ.

ಅದೇ ರಾಘವ ಈ ಮಳೆಗಾಲದಲ್ಲಿ ಒಂದು ಮಾತು ಆಡಿದ. "ನ್ಯಾಯಬೆಲೆ ಅಂಗಡಿಗೆ ಬರಬೇಕಾದ ಅಕ್ಕಿ ಎಲ್ಲಿಗೆ ಹೋಗ್ತದೆ?" ಅಷ್ಟೇ. ಊರಿನವರೆಲ್ಲ ಮನಸ್ಸಿನಲ್ಲಿ ಕೇಳಿಕೊಂಡಿದ್ದನ್ನು ಅವನು ಗಟ್ಟಿಯಾಗಿ, ನಾಲ್ಕು ಜನ ಗಿರಾಕಿಗಳ ಮುಂದೆ ಕೇಳಿದ. ಮಾರನೆಯ ವಾರ ಜೀಪು ಬಂತು. ಭಾರತ ರಕ್ಷಣಾ ನಿಯಮ ಎಂದರು, ಕರೆದುಕೊಂಡು ಹೋದರು. ಹೆಂಡತಿ ದೇವಕಿಗೆ ಬೇರೇನೂ ಹೇಳಲಿಲ್ಲ.

(ಅಕ್ಕಿ ಕೇಳಿದವನಿಂದ ಭಾರತಕ್ಕೆ ರಕ್ಷಣೆ ಬೇಕಂತೆ. ಅಕ್ಕಿ ನುಂಗಿದವರಿಂದ ಬೇಡವೇ?)

ನಾನು ಮಡಿಕೇರಿಯಲ್ಲಿ ಪರಿಚಯದ ವಕೀಲರ ಹತ್ತಿರ ಓಡಿದೆ. "ಕೋರ್ಟಿಗೆ ಹಾಕೋಣ ಸಾರ್, ಮನುಷ್ಯನಿಗೆ ಹಕ್ಕು ಅಂತ ಒಂದಿಲ್ಲವೇ?" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಕ್ಕು ಇದೆ ಮಾರಾಯ್ರೇ. ಆ ಹಕ್ಕು ಕೇಳ್ಕೊಂಡು ಕೋರ್ಟಿಗೆ ಹೋಗೋದನ್ನ ಮಾತ್ರ ತಡೆದಿಟ್ಟಿದ್ದಾರೆ. ಚೀನಾ ಯುದ್ಧಕ್ಕೆ ಹಾಕಿದ ಎಮರ್ಜೆನ್ಸಿ ಇನ್ನೂ ಇದೆ ಅಲ್ವಾ?"

ಮನೆ ನಿಮ್ಮದೇ, ಬಾಗಿಲ ಬೀಗ ಮಾತ್ರ ನಮ್ಮದು ಎಂದ ಹಾಗಾಯಿತು. ನನಗೆ ಮೈ ಉರಿದುಹೋಯಿತು. ಯುದ್ಧ ನಿಂತು ಎರಡು ವರ್ಷ ಆಗುತ್ತ ಬಂತು. ನನ್ನ ಅಣ್ಣನ ಮಗ ರಜೆಗೆ ಬಂದು, ಮದುವೆಯಾಗಿ, ವಾಪಸ್ಸೂ ಹೋದ. ಈ ತುರ್ತು ಪರಿಸ್ಥಿತಿ ಮಾತ್ರ ಮನೆಗೆ ಹೋಗುತ್ತಿಲ್ಲ. ಎರಡು ವರ್ಷ ಎಳೆಯುವುದಕ್ಕೆ ತುರ್ತು ಎಂದು ಯಾರಾದರೂ ಹೆಸರಿಡುತ್ತಾರೆಯೇ?

ನಮ್ಮ ಪ್ರತಿನಿಧಿಗಳನ್ನು ಕೇಳೋಣವೆಂದರೆ ಅವರು ಬೆಂಗಳೂರಿನಲ್ಲಿ. (ಮೈಸೂರು ರಾಜ್ಯಕ್ಕೆ ಸೇರುವ ಮೊದಲು ನಮಗೂ ಮಡಿಕೇರಿಯಲ್ಲೇ ಒಂದು ಪುಟ್ಟ ವಿಧಾನಸಭೆ ಇತ್ತು. ಬೆಳಿಗ್ಗೆ ಬೈದು ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದಿತ್ತು.) ಹಾಗಾಗಿ ಊರಿನಲ್ಲೇ ಒಂದು ಸಭೆ ಮಾಡೋಣ ಎಂದುಕೊಂಡು ಅನುಮತಿಗೆ ಮಡಿಕೇರಿಯ ಆ ಸರ್ಕಾರಿ ಕಚೇರಿಗೆ ಹೋದೆ.

ಅಲ್ಲಿನ ಸಾಹೇಬರು ಒಳ್ಳೆಯವರೇ. ಕುರ್ಚಿ ಕೊಟ್ಟರು. "ಸಭೆ ಗಿಭೆ ಈಗ ಬೇಡ ಸ್ವಾಮಿ. ಎಮರ್ಜೆನ್ಸಿ. ಜನ ಸೇರಿದರೆ ಏನಾದರೂ ಆಗುತ್ತೆ."

"ಕೈಲ್ ಮುಹೂರ್ತಕ್ಕೆ ಸೇರ್ತೇವಲ್ಲ ಸಾರ್?"

"ಅದು ಹಬ್ಬ! ಅದಕ್ಕೆ ಯಾರು ಬೇಡ ಅಂತಾರೆ?"

"ಎಲ್ಲರ ಕೈಯಲ್ಲೂ ಕೋವಿ ಇರ್ತದೆ."

"ಇರಲಿ ಬಿಡಿ, ಸಂಪ್ರದಾಯ."

ಓದುಗರೇ, ನಾನು ಅವರ ಮುಖವನ್ನೇ ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ. ನೂರಾರು ಜನ ಕೋವಿ ಹಿಡಿದು ಸೇರಬಹುದು, ಖಾಲಿ ಕೈಯಲ್ಲಿ ಸೇರಿ ಮಾತಾಡಬಾರದು! ಊರಿಗೆ ಬಂದು ನಮ್ಮ ಮಾವನಿಗೆ ಹೇಳಿದೆ. ಊರಿಗೆಲ್ಲ ಹಿರಿಯರು ಅವರು. ಹಬ್ಬದ ದಿನ ಮೊದಲ ಗುಂಡು ಅವರದೇ. ವೀಳ್ಯದೆಲೆ ಬಾಯಿಗಿಟ್ಟುಕೊಂಡು, "ಹಂಗಾರೆ ಹಬ್ಬನೇ ಮಾಡೊಮೊ" ಎಂದರು.

ಹಬ್ಬ ಮಾಡಿದೆವು. ಕೋವಿಗಳನ್ನು ತಿಕ್ಕಿ ತೊಳೆದು, ಹೂ ಸಿಕ್ಕಿಸಿ, ಪೂಜೆಗಿಟ್ಟೆವು. ಕಡುಬು, ಹಂದಿ ಮಾಂಸ ಎಲ್ಲ ಆಯಿತು. ಪೂಜೆಯ ನಂತರ ಹಿರಿಯರು ಕೋವಿಯನ್ನು ಕಿರಿಯರ ಕೈಗೆ ಕೊಡುವಾಗ ಬುದ್ಧಿಮಾತು ಹೇಳುವುದುಂಟು. ಹುಲಿ ಎದುರಾದರೆ ಓಡಬೇಡ, ಸ್ನೇಹಿತನ ಕೈ ಬಿಡಬೇಡ, ಹೀಗೆ. ಪ್ರತಿ ವರ್ಷ ಕೇಳುವ ಮಾತೇ. ಈ ಸಲ ಮಾತ್ರ ನಮ್ಮ ಹುಡುಗರು ತಲೆ ಎತ್ತಿ ಕೇಳಿದರು.

ಆಮೇಲೆ ಊರೆಲ್ಲ ಮೈದಾನದಲ್ಲಿ ಸೇರಿತು. ಎತ್ತರದ ಮರದ ಕೊಂಬೆಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ಬಂದೋಬಸ್ತಿಗೆ ಬಂದ ಪೊಲೀಸ್ ದಫೇದಾರರು ಕಡುಬು ತಿಂದು, ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಮಾವನ ಗುಂಡು ಕಾಯಿಯ ಪಕ್ಕದಲ್ಲೇ ಹೋಯಿತು. ದಫೇದಾರರು, "ಭೇಷ್, ಸ್ವಲ್ಪದರಲ್ಲಿ ತಪ್ಪಿತು!" ಎಂದು ಚಪ್ಪಾಳೆ ತಟ್ಟಿದರು. ಢಂ ಢಂ ಸದ್ದಿಗೆ ಅವರ ರೆಪ್ಪೆಯೂ ಅಲುಗಲಿಲ್ಲ.

ಆಗ ಮಾವ ಕರೆದರು. "ದೇವಕಿ, ಬಾ ಮೊಗ. ಈಗ ನಿನ್ನ ಸರದಿ."

ದೇವಕಿ ಬಂದಳು. ಕೈಯಲ್ಲಿ ಕೋವಿ ಇರಲಿಲ್ಲ. ಮರದ ಕಡೆ ನೋಡಲೂ ಇಲ್ಲ. ದಫೇದಾರರ ಕಡೆ ತಿರುಗಿ, ತನ್ನ ಅರ್ಧ ಮಲಯಾಳದ ಕನ್ನಡದಲ್ಲಿ ಕೇಳಿದಳು. "ಸಾರೇ, ನನ್ನ ಗಂಡ ಎಂತ ತಪ್ಪು ಮಾಡಿದ್ದು?"

ದಫೇದಾರರು ಕುರ್ಚಿಯಿಂದ ಎದ್ದೇಬಿಟ್ಟರು! "ಏಯ್, ಏಯ್! ಭಾಷಣ ಎಲ್ಲ ಇಲ್ಲಿ ಇಲ್ಲ! ಸಭೆ ಮಾಡ್ತಿದ್ದೀರಾ?"

"ಸಭೆ ಅಲ್ಲ ದಫೇದಾರ್ರೇ, ಹಬ್ಬ," ಎಂದರು ಮಾವ ತಣ್ಣಗೆ. ತಮ್ಮ ಕೋವಿಯನ್ನು ಹುಲ್ಲಿನ ಮೇಲೆ ಮಲಗಿಸಿ ಅವಳ ಪಕ್ಕಕ್ಕೆ ಹೋಗಿ ನಿಂತರು. "ರಾಘವ ಎಂತ ತಪ್ಪು ಮಾಡಿದ್ದು?"

ನಾನೂ ಕೋವಿ ಇಟ್ಟೆ. ನಾನೂ ಕೇಳಿದೆ. ನನ್ನ ಹಿಂದೆ ಪಂದ್ಯಕ್ಕೆ ಕಾಯುತ್ತಿದ್ದವರು, ಅಡುಗೆ ಬಿಟ್ಟು ಬಂದ ಹೆಂಗಸರು, ಪಕ್ಕದ ಎಸ್ಟೇಟಿನ ಕೂಲಿ ಲೈನಿನ ಮನೆಗಳಲ್ಲಿರುವ ತಮಿಳರು. ನಮ್ಮ ಅತ್ತಿಗೆಯ ದನಿಯೇ ಎಲ್ಲಕ್ಕಿಂತ ಜೋರಾಗಿತ್ತು. ಯಾರೂ ಬೈಯಲಿಲ್ಲ, ಘೋಷಣೆ ಕೂಗಲಿಲ್ಲ. ಒಬ್ಬರಾದ ಮೇಲೆ ಒಬ್ಬರು, ತಮ್ಮ ತಮ್ಮ ಭಾಷೆಯಲ್ಲಿ, ಅದೊಂದನ್ನೇ ಕೇಳಿದರು. ನನ್ನ ಕಣ್ಣು ತುಂಬಿ ಬಂತು, ಹೇಳಲು ನಾಚಿಕೆಯೇನಿಲ್ಲ.

ದಫೇದಾರರ ಹಣೆ ಬೆವರಿತ್ತು. ಕೊನೆಗೆ ಟೋಪಿ ತೆಗೆದರು. "ನನ್ನನ್ನ ಯಾಕೆ ಕೇಳ್ತೀರಮ್ಮಾ? ನನಗೂ ಯಾರೂ ಹೇಳಿಲ್ಲ," ಎಂದರು. ಪಾಪ, ನಿಜವನ್ನೇ ಹೇಳಿದರು. ಹಿಡಿದುಕೊಂಡು ಹೋದವರಿಗೇ ಗೊತ್ತಿಲ್ಲ, ಕೋರ್ಟು ಕೇಳುವಂತಿಲ್ಲ, ನಾವು ಕೇಳಬಾರದು. ಹಾಗಾದರೆ ಗೊತ್ತಿರುವುದು ಯಾರಿಗೆ?

ತೆಂಗಿನಕಾಯಿ ಆ ದಿನ ಒಡೆಯಲಿಲ್ಲ. ಇನ್ನೂ ಕೊಂಬೆಯಲ್ಲೇ ನೇತಾಡುತ್ತಿದೆ. ರಾಘವ ಬಂದು ಅದಕ್ಕೊಂದು ಗುಂಡು ಹೊಡೆಯುವವರೆಗೆ ಇಳಿಸುವುದಿಲ್ಲ ಎಂದು ಮಾವ ಹಟ ಹಿಡಿದಿದ್ದಾರೆ. (ರಾಘವ ಹುಟ್ಟಿದಾರಭ್ಯ ಕೋವಿ ಮುಟ್ಟಿದವನಲ್ಲ. ಆ ಪ್ರಶ್ನೆ ಆಮೇಲೆ ನೋಡೋಣ.) ಚಾ ಅಂಗಡಿಯನ್ನು ದೇವಕಿ ಮತ್ತೆ ತೆರೆದಿದ್ದಾಳೆ. ಅಲ್ಲಿ ಕೂತು ಈಗ ಎಲ್ಲರೂ ಅಕ್ಕಿಯ ವಿಷಯವನ್ನೇ ಮಾತಾಡುತ್ತಾರೆ, ಗಟ್ಟಿಯಾಗಿಯೇ.

ಈ ಬರಹಕ್ಕೆ ನಾನು ಯಾರ ಪರ್ಮಿಷನ್ನೂ ಕೇಳಿಲ್ಲ. ಜೀಪು ಕಳಿಸುವವರಿಗೆ ನನ್ನ ಮನೆಯ ದಾರಿ ದೇವಕಿಯ ಅಂಗಡಿಯಲ್ಲಿ ಹೇಳುತ್ತಾರೆ. ಹೇಗೂ ಅಲ್ಲಿ ನಿಲ್ಲುತ್ತೀರಲ್ಲ, ಅವಳಿಗೊಂದು ಉತ್ತರ ಕೊಟ್ಟು ಬನ್ನಿ: ರಾಘವ ಏನು ತಪ್ಪು ಮಾಡಿದ?