ಲಲಿತಕ್ಕನ ಕಾರಿನ ಗಡಿಯಾರ

ಪವಾಡ, ಶಕುನ ಯಾವುದನ್ನೂ ನಂಬದವನು ನಾನು. ಯಾರಾದರೂ ಅಂಥ ಕಥೆ ಶುರು ಮಾಡಿದರೆ ನಕ್ಕು ಚಹಾ ತರಿಸುತ್ತಿದ್ದೆ. ಈಗ ನನ್ನದನ್ನು ಹೇಳುತ್ತೇನೆ, ನೀವು ನಕ್ಕರೂ ಬೇಜಾರಿಲ್ಲ. ನನ್ನ ನಾಚಿಕೆಗೆ ಕಾರಣ ಬೇರೆಯಿದೆ.

ಆಗ ನೌಪಾಡಾದ ಹೋಟೆಲೊಂದರಲ್ಲಿ ಮ್ಯಾನೇಜರನಾಗಿದ್ದೆ. ಹಳೆಯ ಕಾರುಗಳ ಡ್ಯಾಶ್‌ಬೋರ್ಡ್ ಗಡಿಯಾರ ಕೂಡಿಸುವ ಹುಚ್ಚು. ರಜೆ ಸಿಕ್ಕರೆ ಕಲ್ಯಾಣದ ಗುಜರಿ ಅಂಗಡಿಗಳಲ್ಲೇ ಬಿದ್ದಿರುತ್ತಿದ್ದೆ. ಪುಟ್ಟ ಡಯಲು, ಹಳದಿಗಟ್ಟಿದ ಅಂಕಿಗಳು, ಒಮ್ಮೆ ಕೀಲಿ ಕೊಟ್ಟರೆ ಎಂಟು ದಿನದ ಓಟ. ಕಾರು ನಿಂತರೆ ಸ್ಪೀಡಿನ ಮುಳ್ಳು, ಪೆಟ್ರೋಲಿನ ಮುಳ್ಳು ಎಲ್ಲ ಮಲಗುತ್ತವೆ. ಇದೊಂದು ಮಾತ್ರ ನಡೆಯುತ್ತಿರುತ್ತದೆ. ಅದಕ್ಕೇ ನಾನು ಮರುಳಾಗಿದ್ದು. ಯಂತ್ರ ಕಳಚಿಹೋದ ಖಾಲಿ ಡಬ್ಬಗಳನ್ನೂ ಬಿಡುತ್ತಿರಲಿಲ್ಲ. ಅವಕ್ಕೆ ನಮ್ಮ ಬಳಗದಲ್ಲಿ ‘ಖೋಖಾ’ ಎನ್ನುತ್ತಿದ್ದೆವು.

ಠಾಕುರ್ಲಿಯ ಲಲಿತಕ್ಕ ನಮ್ಮ ಊರ ಕಡೆಯವರು. ಅವರ ಗಂಡ ಒಬ್ಬ ಸೇಠರ ಡ್ರೈವರ್ ಆಗಿದ್ದರು. ಸೇಠರು ಕೊನೆಗೆ ತಮ್ಮ ವಿಲಾಯತಿ ಕಾರನ್ನು ಅವರಿಗೇ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಅದು ಬಿಲ್ಡಿಂಗಿನ ಕೆಳಗೆ ನಿಂತೇ ಇತ್ತು.

“ಇವರು ಸೋಮವಾರ ಸೋಮವಾರ ಗಡಿಯಾರಕ್ಕೆ ಕೀಲಿ ಕೊಡ್ತಿದ್ರು. ಈಗ ನಾನು ಕೊಟ್ರೆ ಓಡುದಿಲ್ಲ. ಒಮ್ಮೆ ನೋಡ್ತೀರಾ?” ಎಂದು ಕರೆದರು.

ನೋಡಿದೆ. ಅಂಥದ್ದಕ್ಕಾಗಿ ನಾನು ಹತ್ತು ವರ್ಷ ಅಲೆದಿದ್ದೆ. ರಿಪೇರಿಗೆಂದು ಬಿಚ್ಚಿ ತಂದು, ಧೂಳು ತೆಗೆದು ಎಣ್ಣೆ ಬಿಟ್ಟರೆ ಓಡಿಯೇಬಿಟ್ಟಿತು. ಅದನ್ನು ನನ್ನ ಕಪಾಟಿನಲ್ಲಿಟ್ಟುಕೊಂಡೆ. ನೋಡಲು ಹಾಗೆಯೇ ಇದ್ದ ಒಂದು ಖೋಖಾಕ್ಕೆ ಮುಳ್ಳುಗಳನ್ನು ಗೋಂದಿನಿಂದ ಅಂಟಿಸಿ ಕಾರಿಗೆ ಕೂರಿಸಿದೆ. “ರಿಪೇರಿ ಆಗುದಿಲ್ಲ ಲಲಿತಕ್ಕ, ನೋಟಕ್ಕೆ ಇರಲಿ” ಎಂದೆ. ಅವರು ನಂಬಿದರು.

ಆಯುಧಪೂಜೆಗೆ ಕರೆ ಬಂತು. ಹೋಗದಿದ್ದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತಿತ್ತು, ಹೋದೆ. ಬೆಳಿಗ್ಗೆ ಹನ್ನೊಂದರ ಬಿಸಿಲು. ಕಾರಿಗೆ ಚೆಂಡುಹೂವಿನ ಮಾಲೆ, ಗಡಿಯಾರದ ಗಾಜಿಗೆ ಕುಂಕುಮ.

“ಬನ್ನಿ ಮಾರಾಯ್ರೆ, ಕೇಳಿ ಒಮ್ಮೆ! ನಿನ್ನೆ ಸೋಮವಾರ ಅಂತ ಸುಮ್ನೆ ಕೀಲಿ ತಿರುಗಿಸಿದ್ದು. ಓಡ್ತಾ ಉಂಟು.”

ಕಿವಿಯಿಟ್ಟೆ. ಟಿಕ್ ಟಿಕ್ ಎನ್ನುತ್ತಿತ್ತು. ನಾನೇ ಅಂಟಿಸಿದ ಮುಳ್ಳುಗಳು ನನ್ನ ಕೈಗಡಿಯಾರದ ಸಮಯವನ್ನೇ ತೋರಿಸುತ್ತಿದ್ದವು. ಡ್ಯಾಶ್‌ಬೋರ್ಡಿನ ಅಡಿಯಿಂದ ಕೈ ಹಾಕಿ, ಡಬ್ಬದ ಹಿಂದಿನ ಮುಚ್ಚಳ ತೆಗೆದು ಬೆರಳು ತೂರಿಸಿದೆ. ಒಳಗೆ ಏನೂ ಇರಲಿಲ್ಲ. ಶಬ್ದ ಮಾತ್ರ ಬೆರಳಿನ ಸುತ್ತಲಿಂದಲೇ ಬರುತ್ತಿತ್ತು.

ನಿಜ ಹೇಳಲು ಅದೇ ಸಮಯವಾಗಿತ್ತು. ಮಾತು ಬಾಯಿಯವರೆಗೆ ಬಂದಿತ್ತು ಕೂಡ. ಅಷ್ಟರಲ್ಲಿ ಲಲಿತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, “ಎಲ್ಲ ನಿಮ್ಮ ಕೈಗುಣ. ಇವರೇ ಬಂದ ಹಾಗಾಯ್ತು ನನಗೆ” ಎಂದು ಪ್ರಸಾದ ಕೊಟ್ಟರು. ಎರಡೂ ಕೈ ಚಾಚಿ ತೆಗೆದುಕೊಂಡೆ. “ಎಲ್ಲೋ ಧೂಳು ಸಿಕ್ಕಿಕೊಂಡಿತ್ತು ಕಾಣ್ತದೆ, ತಾನಾಗಿ ಬಿಟ್ಟಿದೆ” ಎಂದು ಇನ್ನೊಂದು ಸುಳ್ಳನ್ನೂ ಹೇಳಿದೆ.

ಈಗ ಲಲಿತಕ್ಕ ಇಲ್ಲ, ಆ ಕಾರು ಎಲ್ಲಿ ಹೋಯಿತೋ ತಿಳಿಯದು. ಖಾಲಿ ಡಬ್ಬ ಹೇಗೆ ಓಡಿತೆಂದು ಬಲ್ಲವರನ್ನು ಕೇಳೋಣವೆಂದು ಎಷ್ಟೋ ಸಲ ಹೊರಟಿದ್ದೇನೆ. ಆದರೆ ಅದು ಖಾಲಿಯೆಂದು ನಿನಗೆ ಹೇಗೆ ಗೊತ್ತು ಎಂದು ಅವರು ಮೊದಲು ಕೇಳುತ್ತಾರೆ.