ಯಲಬುರ್ಗಾದ ಮೇಲೆ ಇಂಜಿನ್ನಿಗೆ ಮಂಜುಗಡ್ಡೆ ಕಟ್ಟಿದ ದಿನ

ಗಂಗಾವತಿಯಿಂದ ಬೆಳಗಿನ ಆರರ ಬಸ್ಸಿಗೆ ಹೊರಟೆ. ಕೊಪ್ಪಳಕ್ಕೆ ಒಂದೂಕಾಲು ತಾಸಿನ ದಾರಿ, ಟಿಕೆಟ್ಟು ಅರವತ್ತು ರೂಪಾಯಿಯ ಆಸುಪಾಸು. ರಾತ್ರಿಯಿಡೀ ಜಿಟಿಜಿಟಿ ಹಿಡಿದ ಮಳೆ ಆಗಷ್ಟೇ ನಿಂತಿತ್ತು. ಮೂವತ್ತು ವರ್ಷದಿಂದ ಟ್ರ್ಯಾಕ್ಟರ್, ಪಂಪು, ಸ್ಕೂಟರುಗಳ ಹೊಟ್ಟೆ ಬಿಚ್ಚಿ ರಿಪೇರಿ ಮಾಡಿದವನು ನಾನು. ಕಣ್ಣು ಮುಚ್ಚಿಕೊಂಡು ಸದ್ದು ಕೇಳಿದರೆ ಸಾಕು, ಇಂಜಿನ್ನಿನ ಕಾಯಿಲೆ ಹೇಳುತ್ತೇನೆ. ಜಂಬವಲ್ಲ, ಬೇಕಾದರೆ ಶ್ರೀರಾಮನಗರದ ಕಡೆ ಯಾರನ್ನಾದರೂ ಕೇಳಿ ನೋಡಿ. ಈ ಕಿವಿಯನ್ನು ನಂಬಿಯೇ ನಮ್ಮಕ್ಕ ನನ್ನನ್ನು ವಿಮಾನ ಹತ್ತಿಸಿದ್ದು.

ಅಕ್ಕ ಇರುವುದು ಯಲಬುರ್ಗಾದಲ್ಲಿ. ಅವಳ ಮಗಳು ವಿದ್ಯಾ ಪೈಲಟ್. ಕುಷ್ಟಗಿಯ ಗ್ರಾನೈಟ್ ವ್ಯಾಪಾರಿಯೊಬ್ಬರ ನಾಲ್ಕು ಸೀಟಿನ ವಿಮಾನ ಹಾರಿಸುವ ಕೆಲಸ ಅವಳಿಗೆ ಸಿಕ್ಕು ಆರು ತಿಂಗಳಾಗಿತ್ತು. ಅಂದಿನಿಂದ ಅಕ್ಕನಿಗೆ ಉಂಡದ್ದು ಮೈಗೆ ಹತ್ತಿರಲಿಲ್ಲ. "ಇರೋದ ಒಂದ ಇಂಜಿನ್ ಅಂತ. ಮುಗಿಲಾಗ ಬಂದ್ ಆದ್ರ ಯಾರು ದೂಕೋರು?" ಎಂದು ನನ್ನೆದುರು ಅತ್ತಿದ್ದಳು. ಕೊನೆಗೆ ತಾಯಿ ಮಗಳು ಒಂದು ಮಾತಿಗೆ ಬಂದರು. ಮಾಮ ಒಮ್ಮೆ ಜೊತೆಗೆ ಕೂತು ಹೋಗಿ ಬರಲಿ, ಅವನು ಬೇಡವೆಂದರೆ ವಿದ್ಯಾ ಕೆಲಸ ಬಿಡಬೇಕು. ಹುಡುಗಿ ಒಪ್ಪಿಕೊಂಡಳು. ಅವಳು ಇಷ್ಟು ವರ್ಷ ಕಲಿತದ್ದೆಲ್ಲ ನನ್ನ ಒಂದು ಮಾತಿಗೆ ಬಂದು ನಿಂತಿತು.

ಕೊಪ್ಪಳದ ಬಸ್ ಸ್ಟ್ಯಾಂಡಿನ ಎದುರು ಒಂದು ಪ್ಲೇಟು ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ ತಿಂದೆ. ಅಲ್ಲಿಂದ ಊರ ಹೊರಗಿನ ಖಾಸಗಿ ಏರ್‌ಸ್ಟ್ರಿಪ್ಪಿಗೆ ಆಟೋದವನು ಇನ್ನೂರು ಕೇಳಿದ, ಕೊಟ್ಟೆ. ವಿದ್ಯಾ ವಿಮಾನದ ಗಾಲಿ ನೋಡುತ್ತ ಕೂತಿದ್ದಳು.

"ಮಾಮಾ, ಮಿರ್ಚಿ ತಿಂದ ಬಂದೀರಿ ಹೌದಿಲ್ಲೋ? ಮ್ಯಾಲ ಹೋದಮ್ಯಾಲೆ ನನ್ನ ಬೈಬ್ಯಾಡ್ರಿ."

ಇಂಜಿನ್ನಿನ ಮುಚ್ಚಳ ತೆಗೆಸಿ ಆಯಿಲ್ ನೋಡಿದೆ, ಪೈಪು ಮುಟ್ಟಿದೆ. ಹಳೇ ಸ್ಕೂಟರಿನಂತೆ ಇದಕ್ಕೂ ಕಾರ್ಬೊರೇಟರ್ ಇತ್ತು. ಪರ ಊರಲ್ಲಿ ಬೀಗರು ಸಿಕ್ಕಷ್ಟು ಖುಷಿಯಾಯಿತು. "ಇದು ನಮ್ಮ ಮಂದಿನ ಐತಿ ಬಿಡು" ಎಂದೆ.

"ಇರಲಿ. ಆದ್ರ ಒಳಗ ಕುಂತಮ್ಯಾಲೆ ಏನೂ ಮುಟ್ಟಬ್ಯಾಡ್ರಿ."

ಒಂಬತ್ತೂವರೆಗೆ ನೆಲ ಬಿಟ್ಟೆವು. ಹೋಗಬೇಕಾದದ್ದು ಹುಬ್ಬಳ್ಳಿಗೆ. ಅಕ್ಕ ಮಾಳಿಗೆಯ ಮೇಲೆ ನಿಂತಿರುತ್ತೇನೆ ಎಂದಿದ್ದರಿಂದ ಯಲಬುರ್ಗಾದ ಕಡೆ ಬಳಸಿ ಹೊರಟೆವು. ಬಲಗಡೆ ಇರಕಲ್ಲಗಡದ ಗುಡ್ಡಗಳು ಸರಿದವು, ಕೆಳಗೆ ತೊಯ್ದ ಎರೆಹೊಲ, ತಲೆಯ ಮೇಲೆ ಕೈಗೆ ಸಿಗುವಷ್ಟು ಹತ್ತಿರ ಮೋಡ. ಹೊರಗಿನ ಹವೆ ಇಪ್ಪತ್ತು ಡಿಗ್ರಿ ಎಂದು ಮೀಟರ್ ತೋರಿಸುತ್ತಿತ್ತು. ಇಂಜಿನ್ನಿನ ಸದ್ದು ಒಂದೇ ಸಮ ಇತ್ತು. ಅಕ್ಕನಿಗೆ ಹೇಳುವ ಒಳ್ಳೆಯ ಮಾತನ್ನು ಆಗಲೇ ಜೋಡಿಸಿಕೊಳ್ಳುತ್ತಿದ್ದೆ.

ಯಲಬುರ್ಗಾದ ಮನೆಗಳು ಕಂಡವು. ಅಷ್ಟರಲ್ಲಿ ಸದ್ದು ಇಳಿಯತೊಡಗಿತು. ಯಾರೋ ಅದರ ಉಸಿರು ಹಿಡಿದಂತಿತ್ತು. ನಾನು ಬಾಯಿ ತೆರೆಯುವ ಮೊದಲೇ ವಿದ್ಯಾ ಹೇಳಿದಳು, "ಕಾರ್ಬೊರೇಟರ್‌ದಾಗ ಐಸ್ ಕಟ್ಟಾಕತ್ತೈತಿ."

"ಹುಚ್ಚಿ, ಈ ಹವಾದಾಗ ಎಲ್ಲಿ ಐಸ್?"

"ಹಸಿ ಹವಾ ಐತಿ ಮಾಮಾ. ಪೆಟ್ರೋಲ್ ಆವಿ ಆಗೂಮುಂದ ಕಾವ ಎಳಕೊಂತೈತಿ, ಹವಾದಾಗಿನ ನೀರು ಅಲ್ಲೇ ಗಡ್ಡಿ ಆಗ್ತೈತಿ."

ಕೈ ಮೇಲೆ ಪೆಟ್ರೋಲ್ ಬಿದ್ದರೆ ತಣ್ಣಗಾಗುವುದು ನನಗೇನು ಹೊಸದಲ್ಲ. ಆದರೂ ಇದು ಹೊಳೆದಿರಲಿಲ್ಲ. ಅವಳು ನನ್ನ ಮೊಣಕಾಲಿನ ಪಕ್ಕದ ಗುಂಡಿಯನ್ನು ಹೊರಗೆಳೆದಳು. ಅದು ಕಾರ್ಬೊರೇಟರಿಗೆ ಬಿಸಿ ಗಾಳಿ ಬಿಡುವ ಗುಂಡಿಯಂತೆ. ಎಳೆದದ್ದೇ ತಡ, ಇಂಜಿನ್ ಕೆಟ್ಟದಾಗಿ ಕೆಮ್ಮಲು ಶುರು ಮಾಡಿತು.

ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಯಾವುದನ್ನಾದರೂ ತಿರುವಿದಾಗ ಸದ್ದು ಕೆಟ್ಟರೆ ತಕ್ಷಣ ಮೊದಲಿನಂತೆ ಇಡುವುದು ಮೂವತ್ತು ವರ್ಷದ ನನ್ನ ರೂಢಿ. ಕೈ ತಾನಾಗಿ ಹೋಗಿ ಗುಂಡಿಯನ್ನು ಒಳಗೆ ತಳ್ಳಿತು. ಒಂದು ಕ್ಷಣ ಕೆಮ್ಮು ನಿಂತಿತು. "ನೋಡಿದ್ಯಾ?" ಎಂದೆ. ಮರುಕ್ಷಣವೇ ಸದ್ದು ಮೊದಲಿಗಿಂತ ಕೆಳಗೆ ಕುಸಿಯಿತು.

"ಕೈ ತಗೀರಿ ಮಾಮಾ." ನನ್ನ ಕೈ ಸರಿಸಿ ಮತ್ತೆ ಗುಂಡಿ ಎಳೆದು, ಅದರ ಮೇಲೆ ತನ್ನ ಅಂಗೈ ಇಟ್ಟಳು. "ಕರಗಿದ ನೀರು ಇಂಜಿನ್ ಕುಡಿಯಾಕತ್ತೈತಿ. ಕೆಮ್ಮಲಿ. ಆಮ್ಯಾಲೆ ಸರಿ ಹೋಗ್ತೈತಿ. ಹೋಗದಿದ್ರ ಅಲ್ಲಿ ಕಾಣೂ ಆ ಹೆಸರ ಬೆಳಿ ಕಿತ್ತ ಹೊಲದಾಗ ಇಳಿಸ್ತೀನಿ. ಬೆಲ್ಟ್ ಬಿಗಿ ಮಾಡ್ಕೋರಿ."

ನನಗೆ ಹೆದರಿಕೆಯಾಯಿತು. ಮತ್ತೆ ಗುಂಡಿಗೆ ಹೋಗದಿರಲೆಂದು ಎರಡೂ ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು ಕೂತೆ. ಕೆಳಗೆ ಅಕ್ಕ ಮಾಳಿಗೆಯ ಮೇಲೆ ನಿಂತಿದ್ದಾಳೆಂದು ಗೊತ್ತಿದ್ದೂ ಆ ಕಡೆ ನೋಡಲಾಗಲಿಲ್ಲ. ವಿದ್ಯಾ ಮಾತ್ರ ಒಮ್ಮೆ ಮೀಟರ್, ಒಮ್ಮೆ ಹೊಲ ನೋಡುತ್ತಿದ್ದಳು. ಒಂದು ನಿಮಿಷವೇ ಆಗಿರಬೇಕು. ಇಂಜಿನ್ ಒಮ್ಮೆ ಜೋರಾಗಿ ಅದುರಿತು, ಆಮೇಲೆ ಸದ್ದು ಮೆಲ್ಲಗೆ ತುಂಬಿಕೊಂಡು ಬಂತು.

ಹುಬ್ಬಳ್ಳಿಯ ದಾರಿ ಹಿಡಿದು ಎಷ್ಟೋ ಹೊತ್ತಿನ ಮೇಲೆ ಅವಳು ಕೇಳಿದಳು. "ಮಾಮಾ, ಅವ್ವಗ ಏನ ಹೇಳ್ತೀರಿ?"

"ಮೊದಲ ಇಳಿಸವ್ವಾ" ಎಂದೆ.

ಹೂವು ಇಟ್ಟಂತೆ ಇಳಿಸಿದಳು. ಅವಳಿಗೆ ಹುಬ್ಬಳ್ಳಿಯಲ್ಲಿ ಕೆಲಸವಿತ್ತು, ನಾನು ಯಲಬುರ್ಗಾದ ಬಸ್ಸು ಹತ್ತಿದೆ. ಮೂರು ತಾಸು ಕಿಟಕಿ ಪಕ್ಕ ಕೂತು ಸುಳ್ಳು ಹೊಸೆದೆ. ಗಾಳಿ ಜೋರಿತ್ತು ಎನ್ನಲೇ, ನಿನಗೆ ಕಾಣಲೆಂದು ವೇಗ ಇಳಿಸಿದಳು ಎನ್ನಲೇ? ನಿಜ ಹೇಳಿದರೆ ಹುಡುಗಿಯ ಕೆಲಸ ಹೋಗುತ್ತದೆ. ನನ್ನ ಮರ್ಯಾದೆಯೂ ಹೋಗುತ್ತದೆ, ಅದೂ ಮನಸ್ಸಿನಲ್ಲಿತ್ತು.

ಮನೆಯೊಳಗೆ ಕಾಲಿಡುತ್ತಲೇ ಅಕ್ಕ ಕೇಳಿದಳು. "ತಮ್ಮಾ, ನಮ್ಮ ಮನಿ ಮ್ಯಾಲ ಬಂದಾಗ ಸದ್ದು ಯಾಕ ಸಣ್ಣದಾತು? ನಾ ಕೇಳೇನಿ."

ಬೆಳಗಿನಿಂದ ಅವಳು ಒಂದು ತುತ್ತೂ ತಿಂದಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಹೊಸೆದದ್ದು ಒಂದೂ ಬಾಯಿಗೆ ಬರಲಿಲ್ಲ.

"ಇಂಜಿನ್ ಛಲೋ ಐತಿ ಅಕ್ಕಾ. ಒಳಗ ಐಸ್ ಕಟ್ಟಿತ್ತು. ನಿನ್ನ ಮಗಳು ಕರಗಸಾಕತ್ತಿದ್ಲು, ನಾ ನಡುವ ಕೈ ಹಾಕಿ ಕೆಡಿಸಿದೆ. ನನ್ನ ಕೈ ಸರಿಸಿ ಆಕೀನ ಸರಿ ಮಾಡಿದ್ಲು. ಹೆದರಿದಾವ ನಾ, ಆಕಿ ಅಲ್ಲ."

ಅಕ್ಕ ಅಡುಗೆಮನೆಗೆ ಹೋದಳು. ಎರಡು ತಾಟು ತಂದಳು. ನನಗೆ ರೊಟ್ಟಿ, ಪಲ್ಯ ಬಡಿಸಿ, ತನಗೂ ಬಡಿಸಿಕೊಂಡು ಎದುರಿಗೆ ಕೂತಳು. ಮೊದಲ ತುತ್ತು ನುಂಗಿ ಹೇಳಿದಳು:

"ಹಂಗಾರ ಇನ್ನಮ್ಯಾಲೆ ಆಕೀ ಸಂಗಾಟ ನೀ ಹತ್ತಬ್ಯಾಡ."