ದೂತನಿಗೊಂದು ಲೋಟ ಕಾಫಿ

ನಾಟಕದಲ್ಲಿ ನನ್ನದು ದೂತನ ಪಾತ್ರ. ಯುದ್ಧದಲ್ಲಿ ತಾನು ಕೊಂದದ್ದು ಸ್ವಂತ ಮಗನನ್ನೇ ಅಂತ ರಾಜನಿಗೆ ಗೊತ್ತಿಲ್ಲ, ಗೆದ್ದೆ ಅಂತ ಕುಣೀತಿರ್ತಾನೆ. ನೋಡೋರಿಗೆಲ್ಲ ಗೊತ್ತು. ನಾನು ಹೋಗಿ ಹೇಳಬೇಕು.

ವಿಜಯನಗರದ ಶೋನಲ್ಲಿ ನನ್ನ ಎಂಟ್ರಿ ಪ್ರೇಕ್ಷಕರ ಹಿಂದಿನಿಂದ. ವೇಷ ಹಾಕ್ಕೊಂಡು ಹಾಲ್ ಬಾಗಿಲ ಹೊರಗೆ ಕಾಯ್ತಿದ್ದೆ. ಒಳಗಿಂದ ಆಂಟಿಯೊಬ್ಬರು ಕಣ್ಣೊರೆಸಿಕೊಳ್ತಾ ಬಂದರು.

"ಸುದ್ದಿ ಹೇಳೋದು ನೀವೇನಾ?"

"ಹೂಂ ಆಂಟಿ, ಈಗ್ಲೇ ಹೋಗ್ಬೇಕು."

"ಪಾಪ, ಎಷ್ಟು ಖುಷಿಯಾಗಿದಾನೆ! ಇನ್ನೊಂಚೂರು ಹೊತ್ತು ಹಂಗೇ ಇರ್ಲಿ ಬಿಡಿ."

ಬಾಗಿಲಿಗೆ ಅಡ್ಡ ನಿಂತು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೈಗಿಟ್ಟರು. ಕುಡಿದೆ. ಒಳಗೆ ರಾಜ ಹೇಳಿದ ಮಾತನ್ನೇ ಮತ್ತೆ ಹೇಳ್ತಾ, ಮತ್ತೆ ನಗ್ತಿದ್ದ.

ನಾಟಕ ಮುಗಿದ ಮೇಲೆ ಡೈರೆಕ್ಟರು "ಎಲ್ಲಿ ಹಾಳಾಗಿ ಹೋಗಿದ್ದೆ?" ಅಂತ ಕಿರುಚಿದರು.

"ಟ್ರಾಫಿಕ್ಕು ಸಾರ್" ಅಂದೆ.